ಬಡಗಿಯ ಮನೆಯ ಧೂಳಕ್ಕ

ಈಗಷ್ಟೇ ಬೆಳಕು ಹರಿಯುತ್ತಿದೆ. ಮನೆಗೆ ಅಂಟಿಕೊಂಡ ಮರಗೆಲಸದ ಕೋಣೆಯಲ್ಲಿ ಯಂತ್ರಗಳು ಇನ್ನೂ ಸುಮ್ಮನಿವೆ. ಮಧ್ಯವಯಸ್ಸಿನ ಹೆಂಗಸೊಬ್ಬರು ಒದ್ದೆ ಬಟ್ಟೆ ಹಿಡಿದು ಗರಗಸದ ಮೇಜು, ಕಿಟಕಿಯ ಅಂಚು, ಕಪಾಟಿನ ನೆತ್ತಿ ಎಲ್ಲವನ್ನೂ ಒರೆಸುತ್ತಿದ್ದಾರೆ. ಪೊರಕೆ ಎಲ್ಲಿ ಎಂದು ಕೇಳಿದರೆ ನಗು.

"ಪೊರಕೆ ಈ ಕೋಣೆಗೆ ಕಾಲಿಡೋ ಹಾಗಿಲ್ಲ. ಗುಡಿಸಿದ್ರೆ ಧೂಳು ಎಲ್ಲಿಗೆ ಹೋಗುತ್ತೆ ಹೇಳಿ? ಎದ್ದು ಒಂದು ಸುತ್ತು ಹಾಕ್ಕೊಂಡು ಮತ್ತೆ ಮೂಗಿಗೇ ಬರುತ್ತೆ."

ಬೀದಿಯವರಿಗೆಲ್ಲ ಇವರು ಧೂಳಕ್ಕ. ಕಸುಬು ಹೊಲಿಗೆ. ಗಂಡ ಬಡಗಿ. ಕೆಲವು ವರ್ಷಗಳ ಹಿಂದೆ ಗಂಡನಿಗೆ ಕೆಮ್ಮು ಶುರುವಾಯಿತು. ನೆಗಡಿ ಇರಬೇಕು ಎಂದು ಕಷಾಯ ಕುಡಿಸಿದ್ದಾಯಿತು. ಆಮೇಲಾಮೇಲೆ ಹಲಗೆ ಎತ್ತಿದರೂ ಏದುಸಿರು. ಮರದ ಪುಡಿ ಎದೆಗಿಳಿಯುತ್ತಿದೆ, ಈ ಕೆಲಸ ಬಿಡಿ ಎಂದರು ಡಾಕ್ಟರು.

"ಉಳಿ ಕೆಳಗಿಟ್ಟು ಗೋಡೆ ನೋಡ್ಕೊಂಡು ಕೂರ್ಲಾ ಅಂತ ಇವರು ಹಟ ಹಿಡಿದ್ರು. ಸರಿ ಮಾರಾಯ್ರೇ, ನೀವು ಕೆಲಸ ಬಿಡ್ಬೇಡಿ, ಧೂಳನ್ನ ನಾನು ನೋಡ್ಕೋತೀನಿ ಅಂದೆ."

ಅಂದಷ್ಟು ಸುಲಭವಾಗಲಿಲ್ಲ. ಮೊದಲು ಗಾಳಿ ಹೊರದಬ್ಬುವ ಫ್ಯಾನನ್ನು ಕಿಟಕಿಗೆ ಕೂರಿಸಿದರು. ಧೂಳೇನೋ ಹೊರಗೆ ಹೋಯಿತು; ಹೋಗಿ ಪಕ್ಕದ ಮನೆಯವರು ಒಣಹಾಕಿದ್ದ ಬಟ್ಟೆಗಳ ಮೇಲೆ ಕುಳಿತಿತು. ಆ ಮನೆಯಾಕೆ ತನ್ನ ಗಂಡನ ಅಂಗಿಯೊಂದನ್ನು ಎತ್ತಿ ಹಿಡಿದು ಬಂದೇಬಿಟ್ಟರು: "ಹಿಟ್ಟು ನೀವೇ ಹಚ್ಚಿದೀರಿ. ಇನ್ನು ಎಣ್ಣೆಗೆ ಬಿಟ್ಟು ಕರಿಯೋದೊಂದೇ ಬಾಕಿ!"

ಧೂಳಕ್ಕ ತೆಪ್ಪಗೆ ಅಷ್ಟೂ ಬಟ್ಟೆ ಒಗೆದುಕೊಟ್ಟರು. ಒಗೆಯುತ್ತಲೇ ಒಂದು ವಿಷಯ ಹೊಳೆಯಿತು. ಕೋಣೆ ತುಂಬಿದ ಮೇಲೆ ಅಟ್ಟಿ ಫಲವಿಲ್ಲ, ಧೂಳನ್ನು ಹುಟ್ಟಿದಲ್ಲೇ ಹಿಡಿಯಬೇಕು. ಗಂಡನ ಜೊತೆ ಸೇರಿ ಗರಗಸಕ್ಕೂ ಹಲಗೆ ಹೆರೆಯುವ ಯಂತ್ರಕ್ಕೂ ದಪ್ಪ ಪೈಪು ಜೋಡಿಸಿದರು. ಹೀರುವ ಮೋಟಾರು ಪುಡಿಯನ್ನು ಮುಚ್ಚಿದ ಡ್ರಮ್ಮಿಗೆಳೆಯುತ್ತದೆ. ಒರಟು ಹೊಟ್ಟು ಅದರಲ್ಲೇ ಬೀಳುತ್ತದೆ, ನುಣ್ಣನೆಯ ಧೂಳನ್ನು ಅದರ ಮುಂದೆ ಕಟ್ಟಿದ ಬಟ್ಟೆಚೀಲ ತಡೆಯುತ್ತದೆ. ಧೂಳಕ್ಕ ಹೊಲಿದ ಮೊದಲ ಚೀಲ ಸೂಜಿ ತೂತುಗಳಿಂದಲೇ ಧೂಳು ಉಗುಳಿತು. "ಇಷ್ಟು ವರ್ಷ ಹೊಲಿದವಳಿಗೆ ನನ್ನ ಹೊಲಿಗೆಯೇ ಕೈಕೊಡ್ತು" ಎಂದು ಈಗಲೂ ಹಣೆ ಚಚ್ಚಿಕೊಳ್ಳುತ್ತಾರೆ. ಒತ್ತಾಗಿ ನೇಯ್ದ ಬಟ್ಟೆ ಹುಡುಕಿ, ಹೊಲಿಗೆಯುದ್ದಕ್ಕೂ ಪಟ್ಟಿ ಅಂಟಿಸಿದ ಮೇಲೆ ಚೀಲ ಮಾತು ಕೇಳಿತು.

ಇಷ್ಟಾದರೂ ಮಾಸ್ಕ್ ಹಾಕದೆ ಗಂಡ ಸ್ವಿಚ್ಚು ಮುಟ್ಟುವಂತಿಲ್ಲ. ಮುಟ್ಟಿದರೆ ಅವತ್ತು ಮಾತಿಲ್ಲ, ಕತೆಯಿಲ್ಲ.

ಈಗ ಮನೆಯಲ್ಲೇ ಮರಗೆಲಸ ಮಾಡುವ ಬೇರೆಯವರೂ ಚೀಲ ಹೊಲಿಸಿಕೊಳ್ಳಲು ಬರುತ್ತಾರೆ. ಧೂಳಕ್ಕ ಸುಮ್ಮನೆ ಹೊಲಿದುಕೊಡುವವರಲ್ಲ. ಅವರ ಕೋಣೆಗೇ ಹೋಗಿ ಪೈಪಿನ ಸಂದುಗೊಂದುಗಳನ್ನು ನೋಡಿ, ಪೊರಕೆಯನ್ನು ಹೊರಗಿಡಿಸಿ ಬರುತ್ತಾರೆ.

ಗಂಡನ ಕೆಮ್ಮು ಪೂರ್ತಿ ಹೋಗಿಲ್ಲ, ಹೋಗುವುದೂ ಇಲ್ಲವಂತೆ. ಆದರೆ ಹೆಚ್ಚಾಗಿಲ್ಲ. ಮಧ್ಯಾಹ್ನ ಧೂಳಕ್ಕ ಹೊಲಿಗೆಗೆ ಕೂತಿರುವಾಗ ಮರಗೆಲಸದ ಕೋಣೆಯೊಳಗೆ ಯಂತ್ರ ನಿಲ್ಲುತ್ತದೆ. ಹೊಸ ಬಾಗಿಲಿನ ಅಂಚನ್ನು ಅರದಿಂದ ಉಜ್ಜುತ್ತ ಬಡಗಿ ಏನೋ ಗುನುಗುವುದು ಕೇಳಿಸುತ್ತದೆ. ಧೂಳಕ್ಕ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟು ಕಿವಿಗೊಡುತ್ತಾರೆ.

"ಮದುವೆಯಾದ ಹೊಸದರಲ್ಲಿ ಹಿಂಗೇ ಹಾಡ್ಕೊಳ್ಳೋರು. ನಡುವೆ ಅದಕ್ಕೂ ಉಸಿರು ಸಾಲ್ತಿರಲಿಲ್ಲ. ರಾಗ ಆಗ್ಲೂ ನೆಟ್ಟಗಿರಲಿಲ್ಲ, ಈಗ್ಲೂ ಇಲ್ಲ. ಇರ್ಲಿ ಬಿಡಿ, ಹಾಡ್ಲಿ."