ಬಾಲಕಿ ಯಾರ ಮನಿಯಾಕಿ?

ಹತ್ತೊಂಬತ್ತುನೂರಾ ಇಪ್ಪತ್ತರ ದಶಕದ ಮಾತು. ನಾನು ಬೆಳಗಾವಿಯಲ್ಲಿ ಮಾಸ್ತರಿಕೆಯ ತರಬೇತಿ ಮುಗಿಸಿ ನೌಕರಿಗಾಗಿ ಕಾಯುತ್ತಿದ್ದೆ. ಅಕ್ಕನನ್ನು ಖಾನಾಪುರದಲ್ಲಿ ಮರಾಠಿ ಮಾತಾಡುವ ಮನೆಗೆ ಕೊಟ್ಟಿದ್ದರು. ಮಗಳು ಕನ್ನಡ ಓದಲೇಬೇಕೆಂದು ಅಕ್ಕನ ಹಟ. ಅಕ್ಷರಗಳನ್ನು ತಾನೇ ಕಲಿಸಿ, ಮುಂದಿನದನ್ನು ನೀ ನೋಡು ಎಂದು ನನ್ನನ್ನು ಕರೆಸಿಕೊಂಡಳು.

ಏಳು ವರ್ಷದ ಆ ಹುಡುಗಿ ಪುಸ್ತಕದ ಪಾಠ ಓದಿದ್ದನ್ನು ಕೇಳಿ ನನಗಿಲ್ಲಿ ಕೆಲಸವೇ ಇಲ್ಲ ಅನಿಸಿತು. ಒಂದು ಒತ್ತಕ್ಷರವೂ ತಪ್ಪಲಿಲ್ಲ. ಬಾಲಕಿಯೊಬ್ಬಳು ನದಿಯಿಂದ ನೀರು ತರುವಾಗ ಕೊಡ ಒಡೆಯುತ್ತದೆ, ಅವಳು ಮನೆಗೆ ಹೋಗದೆ ಮರದ ಕೆಳಗೆ ಕೂರುತ್ತಾಳೆ. ಪಾಠ ಇಷ್ಟೇ.

"ಭಾಳ ಛಲೋ ಓದಿದಿ. ಈಗ ಹೇಳು, ಹುಡುಗಿ ಏನ ತರಾಕತ್ತಿದ್ಲು?" ಎಂದೆ.

"ಯಾವ ಹುಡುಗಿ?"

"ಈಗ ಓದಿದ್ಯಲ್ಲ, ಆ ಹುಡುಗಿ."

"ಇದರಾಗ ಹುಡುಗಿ ಇಲ್ಲ ಮಾಮಾ. ಬಾಲಕಿ ಐತಿ."

ಬಾಲಕಿ ಅಂದರೆ ಹುಡುಗಿಯೇ ಎಂದೆ. ಹಾಗಿದ್ದರೆ ಹುಡುಗಿ ಅಂತ ಯಾಕೆ ಬರೆದಿಲ್ಲ ಎಂದಳು. ತರಬೇತಿಯಲ್ಲಿ ಉಚ್ಚಾರ ತಿದ್ದುವುದನ್ನು ನಮಗೆ ಚೆನ್ನಾಗಿ ಕಲಿಸಿದ್ದರು. ತಪ್ಪಿಲ್ಲದೆ ಓದಿಯೂ ಏನೂ ತಿಳಿಯದ ಮಗುವಿಗೆ ಏನು ಮಾಡಬೇಕೆಂದು ಯಾರೂ ಹೇಳಿರಲಿಲ್ಲ. ಪಾಟಿಯ ಮೇಲೆ "ಹುಡುಗಿ ಹೊಳಿಯಿಂದ ನೀರ ತರಾಕತ್ತಿದ್ಲು" ಎಂದು ಬರೆದೆ. ಬಾಯಿಮಾತನ್ನು ಹಾಗೆಯೇ ಬರೆದದ್ದು ನನಗೇ ತಪ್ಪಾಗಿ ಕಂಡಿತು. ಮಗುವನ್ನು ಕೆಡಿಸುತ್ತಿದ್ದೇನೆಯೇ ಎಂದು ಅಳುಕಿದೆ. ಅವಳು ಮಾತ್ರ ಓದಿ, "ಇದು ಅವ್ವನ ಮಾತು!" ಎಂದು ನಕ್ಕಳು.

ಅಲ್ಲಿಂದ ಏನು, ಎಲ್ಲಿ ಎಂದು ಕೇಳಿದ್ದಕ್ಕೆಲ್ಲ ಉತ್ತರ ಬಂತು. ಬಾಲಕಿ ಮನೆಗೆ ಯಾಕೆ ಹೋಗಲಿಲ್ಲ ಎಂದಾಗ ಮಾತ್ರ ಪುಟದಲ್ಲಿ ಮತ್ತೆ ಹುಡುಕತೊಡಗಿದಳು.

"ಅಂಜಿಕಿ ಬಂತು. ಕೊಡ ಒಡದ್ರ ಮನ್ಯಾಗ ಬೈತಾರಲ್ಲ?" ನಾನೇ ಹೇಳಿಕೊಟ್ಟೆ.

"ಕೊಡ ಒಡದ್ರ ಯಾಕ ಬೈತಾರ?"

ಇಷ್ಟೂ ತಿಳಿಯದೇ ಎಂದು ನನಗೆ ಸಿಟ್ಟು ಬಂತು. ಪಕ್ಕದಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದ ಅಕ್ಕನ ಅತ್ತೆ, ಈ ಮನೆಯಲ್ಲಿ ಕೊಡ ಒಡೆದಿದ್ದಕ್ಕೆ ಯಾರು ಯಾರನ್ನು ಬೈದಿದ್ದಾರೆ ಎಂದು ಮರಾಠಿಯಲ್ಲಿ ಕೇಳಿದರು. ಹಿತ್ತಲ ಬೇಲಿಯಾಚೆಗೇ ಕುಂಬಾರರು ಮಡಕೆ ಸುಡುವ ಆವಿಗೆ ಇತ್ತು. ಒಂದು ಒಡೆದರೆ ಇನ್ನೊಂದು ತರುತ್ತಿದ್ದರು, ಅಷ್ಟೇ. ಹಾಗಾದರೆ ತಪ್ಪಿದ್ದು ಅವಳೋ ನಾನೋ? ಪಾಠವನ್ನು ಮತ್ತೆ ಮತ್ತೆ ಓದಿದೆ. ಅಂಜಿಕೆ ಎಂಬ ಮಾತು ಅದರಲ್ಲಿ ಎಲ್ಲಿಯೂ ಇರಲಿಲ್ಲ.

ಮುಂದಿನ ವಾರ ಅಕ್ಕನನ್ನು ಕೇಳಿ ಹುಡುಗಿಯನ್ನು ರೈಲಿನಲ್ಲಿ ಬೆಳಗಾವಿಯ ನಮ್ಮ ಮನೆಗೆ ಕರೆತಂದೆ. ಬಂದ ಮರುದಿನವೇ ನನ್ನ ಕೈಜಾರಿ ನನ್ನವ್ವನ ಉಪ್ಪಿನಕಾಯಿ ಭರಣಿ ಒಡೆಯಿತು.

"ಮಾಸ್ತರ ಆಗಾಂವ ಅಂತ! ಕೈಯಾಗ ಜೀವ ಇಲ್ಲೇನು?" ಅವ್ವ ಓಣಿಗೆಲ್ಲ ಕೇಳುವಂತೆ ಬೈದಳು. ನಾನು ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತೆ. ಸ್ವಲ್ಪ ಹೊತ್ತಿಗೆ ಹುಡುಗಿಯೂ ಬಂದು ಪಕ್ಕದಲ್ಲಿ ಕುಳಿತಳು.

"ಮಾಮಾ, ಆ ಬಾಲಕಿ ಇಂಥಾ ಮನಿಯಾಕಿ ಏನು?"

ನನಗೆ ನಗು ಬಂತು, ನಾಚಿಕೆಯೂ ಆಯಿತು. ಹೌದೆಂದೆ.

ಅಂದಿನಿಂದ ಅವಳು ಯಾವ ಪಾಠವನ್ನೂ ಸುಮ್ಮನೆ ಬಿಡಲಿಲ್ಲ. "ನರಿ ನಕ್ಕಿತು ಅಂತ ಐತಿ. ಯಾಕ ನಕ್ಕಿತು?" ಎಂದಳು ಒಂದು ಸಂಜೆ. ನಾನು ಪುಸ್ತಕವನ್ನು ನನ್ನಪ್ಪನ ಕೈಗೆ ಕೊಟ್ಟೆ. ಅಪ್ಪ ಕನ್ನಡಕ ಹಾಕಿಕೊಂಡು ಪುಟವನ್ನು ಹಿಂದೆ ಮುಂದೆ ತಿರುವಿ, "ಬರದಾಂವನ್ನ ಕೇಳಬೇಕು" ಎಂದರು. ಅವಳಿಗೆ ಸಮಾಧಾನವಾಗಲಿಲ್ಲ. ಓದು ಬಾರದ ಅವ್ವನ ಹತ್ತಿರ ಒಲೆಯ ಮುಂದೆ ಕುಳಿತು ನರಿ ಮತ್ತು ಕಾಗೆಯ ಆ ಪಾಠವನ್ನು ಮೊದಲಿನಿಂದ ಓದಿ ಹೇಳತೊಡಗಿದಳು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ತಡಿ, ಕಾಗಿ ಏನಂತು? ಇನ್ನೊಮ್ಮೆ ಓದು" ಎಂದಳು.

ನಾನು ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ. ಆ ಹುಡುಗಿಗೆ ನಾನು ಕಲಿಸಿದ್ದೇನು ಎಂಬುದು ಮಾತ್ರ ಆಗಲೂ ತಿಳಿಯಲಿಲ್ಲ.