ಅವ್ವನ ಕಫದ ಸ್ಯಾಂಪಲ್

ಮೂರು ವಾರವಾದರೂ ಅವ್ವನ ಕೆಮ್ಮು ನಿಲ್ಲಲಿಲ್ಲ. ಸಂಜೆಯಾದರೆ ಜ್ವರ. ಬಳೆಗಳು ಮೊಣಕೈವರೆಗೆ ಜಾರತೊಡಗಿದವು.

ಜೋಗೇಶ್ವರಿಯ ನಮ್ಮ ಚಾಳಿನ ಹತ್ತಿರದ ದವಾಖಾನೆಯಲ್ಲಿ ಡಾಕ್ಟರ್ ಎಕ್ಸ್‌ರೇ ನೋಡಿ ಒಂದು ಅನುಮಾನ ಹೇಳಿದರು.

ಟಿಬಿ.

ಕಫದಲ್ಲಿ ಅದರ ಬ್ಯಾಕ್ಟೀರಿಯಾ ಸಿಕ್ಕರೆ, ಯಾವ ಔಷಧಿಗೆ ಬಗ್ಗುತ್ತದೆ ಎಂಬುದೂ ಗೊತ್ತಾಗುತ್ತದಂತೆ. ನಾನು ಓದುತ್ತಿರುವುದು ಬಿ.ಕಾಂ. ಆದರೆ ಅಂದಿನಿಂದ ಮೊಬೈಲ್‌ನಲ್ಲಿ ಈ ಬ್ಯಾಕ್ಟೀರಿಯಾ ಬಿಟ್ಟು ಬೇರೇನೂ ಓದಲಿಲ್ಲ. ಮೈಮೇಲೆ ಮೇಣದಂಥ ಹೊದಿಕೆ. ಬೆಳೆಯುವುದು ಎಷ್ಟು ನಿಧಾನವೆಂದರೆ ಲ್ಯಾಬಿನಲ್ಲಿ ಬೆಳೆಸಿದರೆ ಕಣ್ಣಿಗೆ ಬೀಳಲು ವಾರಗಳೇ ಬೇಕು! ಹೆದರಿಕೆಗಿಂತ ಕುತೂಹಲವೇ ಹೆಚ್ಚಾಗಿತ್ತು ಎನ್ನಲು ನಾಚಿಕೆಯಾಗುತ್ತದೆ.

ಮೊದಲ ಸ್ಯಾಂಪಲ್ ನೆಗೆಟಿವ್. ಎರಡನೆಯದೂ ನೆಗೆಟಿವ್. ಅವ್ವನ ತೂಕ ಮಾತ್ರ ಇಳಿಯುತ್ತಲೇ ಇತ್ತು.

ಮೂರನೆಯ ಡಬ್ಬಿಯನ್ನು ಲ್ಯಾಬಿನ ಹುಡುಗಿ ಬೆಳಕಿಗೆ ಹಿಡಿದಳು. "ದೀದಿ, ಯೇ ತೋ ಥೂಕ್ ಹೈ."

ಬರೀ ಉಗುಳು. ದಿನವಿಡೀ ಕೆಮ್ಮುವವಳಿಗೆ ಕಫವೇ ಇಲ್ಲವೇ?

ಮರುದಿನ ಬೆಳಿಗ್ಗೆ ಅವ್ವನ ಮೇಲೆ ಕಣ್ಣಿಟ್ಟೆ. ಎದ್ದವಳೇ ಮೋರಿಯ ಮುಂದೆ ಕೂತಳು. ಬಿಸಿನೀರು ಮುಕ್ಕಳಿಸಿ, ಕ್ಯಾಕರಿಸಿ, ಎದೆಯಲ್ಲಿದ್ದದ್ದನ್ನೆಲ್ಲ ಉಗಿದು, ಮೇಲೆ ನಾಲ್ಕು ತಂಬಿಗೆ ನೀರು ಸುರಿದಳು. ಆಮೇಲೆ ಇಸ್ತ್ರಿ ಸೀರೆ, ಕುಂಕುಮ. ದವಾಖಾನೆಗೆ ರೆಡಿ.

"ಯವ್ವಾ! ಅವ್ರಿಗೆ ಬೇಕಾಗಿದ್ದು ಅದss!"

"ಯಾವ್ದು?"

"ಈಗ ಮೋರ್ಯಾಗ ಹಾಕಿದ್ಯಲ್ಲ, ಅದು."

"ತಲಿ ಗಿಲಿ ಕೆಟ್ಟೈತೇನ ನಿಂದು? ಹೊಲಸು ಬಾಯಿ ತಗೊಂಡು ದವಾಖಾನಿಗೆ ಹೋಗ್ಲೇನು? ಆ ಹುಡುಗಿ ಏನಂದಾಳು?"

"ಬಾಯಿ ತೊಳಕೋ ಬೇ. ಎದಿ ತೊಳೀಬ್ಯಾಡ."

ಮರುದಿನ ಎಬ್ಬಿಸಿದ ಕೂಡಲೇ ಟೆರೇಸಿಗೆ ಕರೆದೊಯ್ದೆ. ದೀರ್ಘವಾಗಿ ಉಸಿರೆಳೆದುಕೊಂಡು ಆಳದಿಂದ ಕೆಮ್ಮಲು ಹೇಳಿ ದೂರ ನಿಂತೆ. ಅವ್ವ ನಾಚಿ ಬೆನ್ನು ತಿರುಗಿಸಿದಳು. ಬಂತು. ಹಳದಿ, ಗಟ್ಟಿ. ಅಷ್ಟು ಜೋಪಾನವಾಗಿ ನಾನು ಇನ್ನೇನನ್ನೂ ರಿಕ್ಷಾದಲ್ಲಿ ಒಯ್ದಿಲ್ಲ.

ಪಾಸಿಟಿವ್.

ಅವ್ವ ಅತ್ತಳು. ಮುಖ್ಯ ಔಷಧಿಗೆ ಬಗ್ಗುವ ಜಾತಿಯೇ ಎಂದು ಡಾಕ್ಟರ್ ಹೇಳಿದ ಮೇಲೆ, ಅಷ್ಟು ಹೊತ್ತು ತಡೆದುಕೊಂಡಿದ್ದ ನಾನೂ ಅತ್ತೆ.

ಎರಡು ತಿಂಗಳು ಗುಳಿಗೆ ನುಂಗಿದ ಮೇಲೆ ಮತ್ತೆ ಕಫ ಕೇಳಿದರು. ಅವ್ವ ಟೆರೇಸಿನಲ್ಲಿ ಉಸಿರೆಳೆದಳು, ಕೆಮ್ಮಿದಳು, ಮತ್ತೆ ಕೆಮ್ಮಿದಳು.

"ಬರವಲ್ದು. ಖಾಲಿ ಡಬ್ಬಿ ಕೊಟ್ರ ಬೈಯ್ತಾರೇನ?"

ಡಾಕ್ಟರ್ ಬೈಯಲಿಲ್ಲ. ಇದು ಒಳ್ಳೆಯ ಲಕ್ಷಣ, ಆದರೂ ಆರು ತಿಂಗಳ ಗುಳಿಗೆ ಪೂರ್ತಿಯಾಗಲೇಬೇಕು ಎಂದರು. ಅವ್ವ ಮಾತ್ರ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಪರೀಕ್ಷೆಯಲ್ಲಿ ಫೇಲಾದವಳಂತೆ ನಿಂತಿದ್ದಳು. ನನಗೆ ನಗು ತಡೆಯಲಾಗಲಿಲ್ಲ.