ಕಿವಿಗೊಂದಿಷ್ಟು ಇಂಗ್ಲಿಷ್

ನಾನು ಇಂಗ್ಲಿಷ್ ಕಲಿತದ್ದು ಕಣ್ಣಿನಿಂದ. ನನಗೆ ಕಲಿಸಿದ ಮೇಷ್ಟ್ರೂ ಕಣ್ಣಿನಿಂದಲೇ ಕಲಿತವರು. ಹೀಗಾಗಿ ಶಿಡ್ಲಘಟ್ಟದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನಾನು ಪಾಠ ಶುರುಮಾಡಿದಾಗ, ಆ ಭಾಷೆಗೊಂದು ದನಿಯೂ ಇದೆ ಎಂಬ ಸಂಗತಿ ನಮ್ಮಲ್ಲಿ ಯಾರ ನಿದ್ದೆಯನ್ನೂ ಕೆಡಿಸಿರಲಿಲ್ಲ. ಸ್ಪೆಲಿಂಗ್ ಇತ್ತು, ವ್ಯಾಕರಣ ಇತ್ತು, ಸಾಲು ಸಾಲಾಗಿ ಕನ್ನಡದಲ್ಲಿ ಅರ್ಥ ಹೇಳುವುದಿತ್ತು. ಇನ್ನೇನು ಬೇಕು?

ಅರವತ್ತರ ದಶಕದ ಮೊದಲ ವರ್ಷಗಳವು. ಒಂದು ಬೇಸಿಗೆ ರಜೆಯಲ್ಲಿ ನಮ್ಮನ್ನು ಬೆಂಗಳೂರಿಗೆ ಕರೆಸಿ ತರಬೇತಿ ಕೊಟ್ಟರು. ಭಾಷೆ ಮೊದಲು ಕಿವಿಗೆ ಬೀಳಬೇಕು, ಒಳ್ಳೆಯ ಇಂಗ್ಲಿಷನ್ನು ಮಕ್ಕಳ ಕಿವಿಗೆ ಹಾಕಿ ಎಂದು ಉಪನ್ಯಾಸಕರೊಬ್ಬರು ಚೆನ್ನಾಗಿ ವಿವರಿಸಿದರು. ಅದನ್ನು ಎಲ್ಲಿಂದ ತರುವುದೆಂದು ಹೇಳುವಷ್ಟರಲ್ಲಿ ಊಟದ ಗಂಟೆ ಹೊಡೆಯಿತು.

ನನಗೆ ಮಾತು ನಾಟಿತು. ವೇದವನ್ನು ಕಿವಿಯಿಂದ ಕಿವಿಗೆ ದಾಟಿಸಿ ಅದಕ್ಕೆ ಶ್ರುತಿ ಎಂದೇ ಹೆಸರಿಟ್ಟವರು ನಮ್ಮವರು. ನನ್ನ ವಿದ್ಯಾರ್ಥಿನಿ ಮೆಹರುನ್ನೀಸಾ ಕುರಾನನ್ನು ಕಲಿತದ್ದೂ ಉಸ್ತಾದರ ಬಾಯಿಂದಲೇ. ಇಂಗ್ಲಿಷೊಂದನ್ನು ಮಾತ್ರ ನಾವು ಉಪ್ಪಿನಕಾಯಿ ಜಾಡಿಯಂತೆ ಬಾಯಿಕಟ್ಟಿ ಇಟ್ಟಿದ್ದೆವು.

ಈ ಮೆಹರುನ್ನೀಸಾಳಿಗೆ ನರ್ಸ್ ಆಗುವ ಆಸೆ. ಚಿಕ್ಕಬಳ್ಳಾಪುರದ ಆಸ್ಪತ್ರೆಯೊಂದರಲ್ಲಿ ತರಬೇತಿ ಕೊಡುತ್ತಿದ್ದರು. ಅಲ್ಲಿಯ ಮೇಟ್ರನ್ ವಿಲಾಯತಿಯಿಂದ ಬಂದಾಕೆ. ಊರವರ ಬಾಯಲ್ಲಿ ದೊರೆಸಾನಮ್ಮ. ಸಂದರ್ಶನವೆಲ್ಲ ಇಂಗ್ಲಿಷಿನಲ್ಲಿ. ಹಿಂದಿನ ವರ್ಷ ನಮ್ಮ ಶಾಲೆಯಿಂದ ಹೋದ ಹುಡುಗಿ ಒಂದು ಪ್ರಶ್ನೆಯೂ ಅರ್ಥವಾಗದೆ ಅಳುತ್ತಾ ಹಿಂದಿರುಗಿದ್ದಳು. ಮೆಹರುನ್ನೀಸಾಳ ತಂದೆ ರೇಷ್ಮೆ ನೂಲು ಬಿಚ್ಚುವವರು. ಒಂದು ದಿನ ಶಾಲೆಯ ಬಾಗಿಲಿಗೆ ಬಂದು ನಿಂತರು.

"ಅವಳ ಮದುವೆ ಮಾಡು ಅಂತ ಮನೇಲಿ ಎಲ್ರೂ ಹಿಡ್ಕೊಂಡವ್ರೆ, ಮೇಷ್ಟ್ರಮ್ಮ. ಒಂದೇ ಒಂದು ಸಲ ಪರೀಕ್ಷೆಗೆ ಹೋಗಿ ಬರ್ಲಿ ಅಂತ ನಾನು ನಿಲ್ಸಿದ್ದೀನಿ. ಆಗಲ್ಲ ಅಂದ್ರೆ ಆಮೇಲೆ ನನ್ನ ಮಾತು ನಡೆಯಲ್ಲ."

ಅಂದಿನಿಂದ ನಾನು ಇಂಗ್ಲಿಷ್ ಹುಡುಕಿಕೊಂಡು ಹೊರಟೆ.

ಮೊದಲು ಸಿಕ್ಕಿದ್ದು ರೇಡಿಯೋ. ಮೆಹರುನ್ನೀಸಾಳ ಚಿಕ್ಕಪ್ಪನ ಅಂಗಡಿಯಲ್ಲಿ, ಕಸೂತಿಯ ಬಟ್ಟೆ ಹೊದ್ದು ನವವಧುವಿನಂತೆ ಕೂತಿತ್ತು. ಸಂಜೆ ನಾಲ್ಕೈದು ಹುಡುಗಿಯರನ್ನು ಕರೆದುಕೊಂಡು ಹೋದೆ. ಚಿಕ್ಕಪ್ಪನೇ ಚಾಪೆ ಹಾಸಿ, ಚಹಾ ಕೊಟ್ಟು, ಗುಬುಟು ತಿರುಗಿಸಿದರು. ಗೊರಗೊರ ಸದ್ದಿನ ನಡುವೆ ಇಂಗ್ಲಿಷ್ ವಾರ್ತೆ ಬಂತು. ಬಂದಷ್ಟೇ ವೇಗದಲ್ಲಿ ಹೋಯಿತು. ಏನು ತಿಳಿಯಿತು ಎಂದು ಹುಡುಗಿಯರನ್ನು ಕೇಳಿದೆ.

"ದೆಲ್ಲಿ, ಮಿಸ್," ಎಂದಳು ಒಬ್ಬಳು.

"ಅವ್ರು ಉಸಿರು ಯಾವಾಗ ತಗೋತಾರೆ, ಮಿಸ್?" ಎಂದಳು ಮೆಹರುನ್ನೀಸಾ.

ಚಿಕ್ಕಪ್ಪನಿಗೆ ನಮ್ಮ ಮೇಲೆ ಮರುಕ ಬಂತು. "ನಿಧಾನಕ್ಕೆ ಓದಪ್ಪಾ ಅಂತ ಅವನಿಗೆ ಯಾರಾದ್ರೂ ಒಂದು ಕಾಗದ ಬರೀಬಾರ್ದಾ?" ಎಂದರು.

ಆಮೇಲೆ ಗ್ರಾಮಫೋನು. ಚಿಂತಾಮಣಿಯಲ್ಲಿದ್ದ ನಿವೃತ್ತ ಅಮಲ್ದಾರರೊಬ್ಬರ ಮನೆಯಲ್ಲಿ ಇಂಗ್ಲಿಷ್ ಕಲಿಸುವ ಪ್ಲೇಟುಗಳಿವೆ ಎಂದು ಗೊತ್ತಾಗಿ ಹೋದೆ. ಪಾಪ, ಗ್ರಾಮಫೋನು ಪೆಟ್ಟಿಗೆಯ ಸಮೇತ ಕೊಟ್ಟು ಕಳಿಸಿದರು. ಬಸ್ಸಿನಲ್ಲಿ ಪ್ಲೇಟುಗಳನ್ನು ಸೀರೆಯಲ್ಲಿ ಸುತ್ತಿ ಹಸುಗೂಸಿನಂತೆ ತೊಡೆಯ ಮೇಲೆ ಮಲಗಿಸಿಕೊಂಡು ಬಂದೆ. ಅವುಗಳಲ್ಲಿ ಲಂಡನ್ನಿನ ಒಂದು ಸಂಸಾರ ಸದಾ ಚಹಾ ಕುಡಿಯುತ್ತಿತ್ತು. ಹುಡುಗಿಯರಿಗೆ ಖುಷಿಯೋ ಖುಷಿ. ಹದಿನೈದು ದಿನದಲ್ಲಿ ಮುಳ್ಳು ಸಿಕ್ಕಿಕೊಳ್ಳುವ ಜಾಗವನ್ನೂ ಸೇರಿಸಿ ಎಲ್ಲವನ್ನೂ ಬಾಯಿಪಾಠ ಮಾಡಿದರು. ನಾನು ಹಿಗ್ಗಿಹೋದೆ. ಒಂದು ಬೆಳಗ್ಗೆ ಮೆಹರುನ್ನೀಸಾಳನ್ನು, ನಿಮ್ಮ ತಂದೆ ಹೇಗಿದ್ದಾರೆ ಎಂದು ಇಂಗ್ಲಿಷಿನಲ್ಲಿ ಕೇಳಿದೆ.

"ಟೂ ಸ್ಪೂನ್ಸ್, ಥ್ಯಾಂಕ್ಯೂ," ಎಂದಳು, ಅಪ್ಪಟ ಲಂಡನ್ನಿನ ರಾಗದಲ್ಲಿ.

ಕೊನೆಗೆ ಮೂಲಕ್ಕೇ ಕೈಹಾಕೋಣವೆಂದು ಒಂದು ಶನಿವಾರ ಪುಟ್ಟ ರೈಲು ಹತ್ತಿ ಚಿಕ್ಕಬಳ್ಳಾಪುರಕ್ಕೆ ಹೋದೆ. ದೊರೆಸಾನಮ್ಮ ಆಸ್ಪತ್ರೆಯ ಜಗಲಿಯಲ್ಲಿ ಬ್ಯಾಂಡೇಜು ಬಟ್ಟೆ ಒಣಹಾಕಿಸುತ್ತಿದ್ದರು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಇಂಗ್ಲಿಷ್ ವಾಕ್ಯವನ್ನು ಒಪ್ಪಿಸಿದೆ: ತಾವು ಒಮ್ಮೆ ನಮ್ಮ ಶಾಲೆಗೆ ಬಂದು ಮಕ್ಕಳೊಂದಿಗೆ ನಾಲ್ಕು ಮಾತಾಡಬೇಕು.

"ಕೂತ್ಕೊಳ್ಳಮ್ಮ, ಬಿಸಿಲಲ್ಲಿ ಬಂದಿದ್ದೀರಿ," ಎಂದರು ಅವರು. ಅಚ್ಚ ನಮ್ಮ ಕಡೆಯ ಕನ್ನಡ. ನಡುನಡುವೆ ತೆಲುಗಿನ ಎಳೆತ ಬೇರೆ. "ನನ್ನ ಇಂಗ್ಲಿಷ್ ಕೇಳಿ ಅವರೇನು ಮಾಡ್ತಾರೆ? ಇಲ್ಲಿ ಡಾಕ್ಟರು ಮದ್ರಾಸ್ ಕಡೆಯವರು. ಹಿರಿಯ ನರ್ಸು ಕೇರಳದವಳು. ಒಬ್ಬೊಬ್ಬರದು ಒಂದೊಂದು ಇಂಗ್ಲಿಷ್. ನೀವೀಗ ಮಾತಾಡಿದ್ದು ನನಗೆ ಅರ್ಥ ಆಯ್ತಲ್ಲ? ನೀವೇ ಮಾತಾಡಿ."

ಅದೇ ಕಷ್ಟವಿದ್ದದ್ದು. ನನ್ನ ಇಂಗ್ಲಿಷಿನಲ್ಲಿ ಕೋಲಾರ ಜಿಲ್ಲೆಯ ಅಷ್ಟೂ ಊರುಗಳು ಕೇಳಿಸುತ್ತವೆಂದು ನನಗೆ ನಾಚಿಕೆ. ಬೇರೆ ದಾರಿಯಿರಲಿಲ್ಲವಾಗಿ ಸೋಮವಾರ ಶುರುಮಾಡಿದೆ. ತರಗತಿಯಲ್ಲಿ ಎದುರಿಗೆ ನಿಂತರೆ ಹುಡುಗಿಯರು ನನ್ನ ಕೈ, ಹುಬ್ಬು ನೋಡಿಯೇ ಅರ್ಥ ಊಹಿಸಿಬಿಡುತ್ತಿದ್ದರು. ಅದಕ್ಕೇ ಹೊರಗೆ ಬಾಗಿಲ ಹಿಂದೆ ನಿಂತು ಮಾತಾಡಿದೆ. ಕಿಟಕಿ ಮುಚ್ಚಿ, ನೀರು ತನ್ನಿ, ರೋಗಿಗೆ ಜ್ವರ ಬಂದಿದೆ. ಹೆಡ್‌ಮಿಸ್ಟ್ರೆಸ್ ಒಮ್ಮೆ ಆ ದಾರಿಯಲ್ಲಿ ಬಂದವರು, ಬಾಗಿಲಿಗೆ ಮುಖಮಾಡಿ ಇಂಗ್ಲಿಷಿನಲ್ಲಿ ಜ್ವರದ ಸುದ್ದಿ ಹೇಳುತ್ತಿದ್ದ ನನ್ನನ್ನು ನೋಡಿ, "ಎರಡು ದಿನ ರಜಾ ತಗೊಳ್ಳಿ ಬೇಕಾದ್ರೆ," ಎಂದು ಮೆಲ್ಲಗೆ ಹೇಳಿ ಹೋದರು. ಒಳಗೆ ಮಾತ್ರ ಕಿಟಕಿಗಳು ಮುಚ್ಚತೊಡಗಿದವು, ನೀರು ಬರತೊಡಗಿತು.

ಸಂದರ್ಶನದ ದಿನ ಸಂಜೆ ತಂದೆ ಮಗಳು ರೈಲಿನಿಂದ ಇಳಿದು ನೇರ ನಮ್ಮ ಮನೆಗೇ ಬಂದರು. ಅವಳ ಕಣ್ಣು ಊದಿತ್ತು.

"ಏನಾಯ್ತಮ್ಮ?"

"ಸಿಕ್ತು, ಮಿಸ್," ಎಂದು ಮತ್ತೆ ಅತ್ತಳು. ಸ್ವಲ್ಪ ಸುಧಾರಿಸಿಕೊಂಡ ಮೇಲೆ ನಡೆದದ್ದನ್ನು ಹೇಳಿದಳು. "ಔಷಧಿ ಕೊಡೋದರ ಬಗ್ಗೆ ದೊರೆಸಾನಮ್ಮ ಏನೋ ಉದ್ದಕ್ಕೆ ಹೇಳಿದ್ರು. ಒಂದೂ ಗೊತ್ತಾಗ್ಲಿಲ್ಲ. ಹೆದರ್ಕೊಂಡೇ, ನನಗೆ ತಿಳೀಲಿಲ್ಲ, ಇನ್ನೊಂದು ಸಲ ಹೇಳಿ ಅಂತ ಇಂಗ್ಲಿಷಲ್ಲೇ ಕೇಳ್ದೆ. ಮತ್ತೆ ಹೇಳಿದ್ರು. ಅರ್ಧ ಗೊತ್ತಾಯ್ತು. ಇನ್ನೊಂದು ಸಲ ಕೇಳ್ದೆ. ಮುಗೀತು ನನ್ನ ಕಥೆ ಅಂದ್ಕೊಂಡೆ. ಅವ್ರು ನಗ್ತಾ ಕನ್ನಡದಲ್ಲಿ, ಬೆಳಗ್ಗೆಯಿಂದ ಬಂದೋರೆಲ್ಲ ತಿಳೀದೇ ಇದ್ರೂ ಯೆಸ್ ಯೆಸ್ ಅಂದ್ರು, ಅಂಥವರ ಕೈಗೆ ಔಷಧಿ ಕೊಟ್ರೆ ರೋಗಿ ಗತಿ ಏನು, ಅಂದ್ರು."

ತಂದೆ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ಮಗಳನ್ನೇ ನೋಡುತ್ತಾ ಕೂತಿದ್ದರು. ನಾನು ಕಾಫಿ ಮಾಡಲು ಒಳಗೆ ಹೋದೆ. ಹಾಲು ಉಕ್ಕಿದ್ದು ಗೊತ್ತಾಗಲಿಲ್ಲ.

ನಮ್ಮ ಕನ್ನಡದಲ್ಲಿ ಕೇಳುವುದೆಂದರೆ ಕಿವಿಗೊಡುವುದೂ ಹೌದು, ಪ್ರಶ್ನೆ ಹಾಕುವುದೂ ಹೌದು. ಎರಡಕ್ಕೂ ಒಂದೇ ಮಾತು ಸಾಕೆಂದು ಹಿಂದಿನವರು ಯಾಕೆ ಬಿಟ್ಟರೋ, ಪದಗಳ ದಾರಿದ್ರ್ಯವಂತೂ ಇರಲಾರದು. ಮುಂದಿನ ಜೂನಿನಲ್ಲಿ ಹೊಸ ಹುಡುಗಿಯರು ಬಂದು ಕೂತಾಗ ನಾನು ಪುಸ್ತಕ ತೆರೆಯಲಿಲ್ಲ. ತಿಳಿಯಲಿಲ್ಲ, ಇನ್ನೊಂದು ಸಲ ಹೇಳಿ ಎಂಬುದನ್ನು ಇಂಗ್ಲಿಷಿನಲ್ಲಿ ಹೇಳಿಕೊಟ್ಟೆ. ಆ ವರ್ಷವಿಡೀ ನನಗೆ ಪಾಠ ಮುಂದೆ ಸಾಗಿಸಲು ಆಗಲೇ ಇಲ್ಲ.